ಕಾಗದದ ಚಡ್ಡಿ ಇದ್ದರೆ ಒರಿಜಿನಲ್ ಪ್ರೆಸ್ಸಿಂಗ್ ಅಂತ ನಂಬಬಹುದಾ?

ಆಲಿಸ್ ಕೂಪರ್ ಅನ್ನೋ ಅಮೆರಿಕದ ರಾಕ್ ತಂಡದ 1972ರ 'ಸ್ಕೂಲ್ಸ್ ಔಟ್' ಎಲ್‌ಪಿ ರೆಕಾರ್ಡ್ ಸಿಕ್ಕಿದೆ, ಜೊತೆಗೆ ಆಗ ರೆಕಾರ್ಡಿಗೆ ತೊಡಿಸಿ ಕೊಡುತ್ತಿದ್ದ ಕಾಗದದ ಚಡ್ಡಿ ಇರೋದರಿಂದ ಮೊದಲ ಪ್ರೆಸ್ಸಿಂಗ್ (ಆಲ್ಬಂ ಬಿಡುಗಡೆಯಾದಾಗ ಮೊದಲು ಒತ್ತಿದ ಪ್ರತಿ) ಅಂತ ಮಾರುವವರು ಹೇಳ್ತಾರೆ, ಜಾಸ್ತಿ ದುಡ್ಡು ಕೊಡಬಹುದಾ ಅಂತ ಕೇಳಿದ್ದೀರಿ.

ಬರೀ ಚಡ್ಡಿ ನೋಡಿ ಕೊಡಬೇಡಿ. ಅದನ್ನು ಒಂದು ಕವರಿನಿಂದ ತೆಗೆದು ಇನ್ನೊಂದಕ್ಕೆ ಹಾಕೋದು ಎಷ್ಟೊತ್ತಿನ ಕೆಲಸ? ಮೊದಲು ರೆಕಾರ್ಡಿನ ಲೇಬಲ್ ನೋಡಿ. ಅಮೆರಿಕದ ಪ್ರತಿಯಾದರೆ ವಾರ್ನರ್ ಕಂಪನಿಯ ಹಸಿರು ಲೇಬಲ್ ಇರಬೇಕು. ಸಾಲು ತಾಳೆಮರಗಳ ಬೀದಿ ಚಿತ್ರ, ಬರ್ಬ್ಯಾಂಕ್ ಅನ್ನೋ ಹೆಸರು ಕಂಡರೆ ಅದು 1973ರಿಂದ ಈಚೆಗೆ ಒತ್ತಿದ್ದು. ಬಿಎಸ್ 2623 ಅನ್ನೋ ಕಂಪನಿಯ ಕ್ಯಾಟಲಾಗ್ ನಂಬರ್ ಆಮೇಲಿನ ಪ್ರತಿಗಳಲ್ಲೂ ಇರುತ್ತೆ, ಅದನ್ನು ಸಾಕ್ಷಿ ಅಂತ ಹಿಡಿಯಬೇಡಿ.

ನಿಜ ಹೇಳಬೇಕಂದ್ರೆ ಈ ರೆಕಾರ್ಡ್ ಅಪರೂಪದ್ದೇನಲ್ಲ. ಅಮೆರಿಕದ ಆಲ್ಬಂ ಪಟ್ಟಿಯಲ್ಲಿ ಎರಡನೇ ಸ್ಥಾನದವರೆಗೆ ಹೋದದ್ದು, ಬೇಕಾದಷ್ಟು ಮಾರಾಟವಾಗಿದೆ. ಎಲ್ಲಾ ಭಾಗ ಇರುವ ಪೂರ್ತಿ ಪ್ರತಿ ಸಿಗೋದೇ ಕಷ್ಟ, ಯಾಕಂದ್ರೆ ಈ ತಂಡ ಸ್ಟೇಜ್ ಮೇಲೆ ಹಾವು, ನೇಣುಗಂಬ ಅಂತ ಆಡುತ್ತಿದ್ದ ನಾಟಕವನ್ನೇ ಕವರಿಗೂ ತಂದುಬಿಟ್ಟಿತ್ತು. 'ಸ್ಕೂಲ್ಸ್ ಔಟ್' ಕವರ್ ಒಂದು ಶಾಲೆಯ ಡೆಸ್ಕು, ಮುಚ್ಚಳ ಮೇಲೆತ್ತಿ ತೆಗೆಯಬೇಕು, ಕೆಳಗೆ ಮಡಚುವ ಕಾಲುಗಳು. ಆ ರಟ್ಟಿನ ಕಾಲು, ಮುಚ್ಚಳ ಮಡಚುವ ಗೆರೆ ಇವೇ ಮೊದಲು ಹರಿಯೋದು. ಫೋಟೋದಲ್ಲಿ ಅವು ಕಾಣದಿದ್ದರೆ ಬೇರೆ ಫೋಟೋ ಕೇಳಿ, ಕೊಡದಿದ್ದರೆ ಬಿಟ್ಟುಬಿಡಿ. ಚಡ್ಡಿಯದ್ದೂ ಒಂದು ಕಥೆ, ಬೇಗ ಬೆಂಕಿ ಹಿಡಿಯುತ್ತೆ ಅಂತ ಆಗಲೇ ತಕರಾರು ಎದ್ದಿತ್ತು.

ಇದೇ ತಂಡದ 1971ರ ಆಲ್ಬಂ 'ಕಿಲ್ಲರ್' ಕೂಡ ಹೀಗೇ. ಅದರ ಜೊತೆ 1972ರ ಕ್ಯಾಲೆಂಡರ್ ಬರುತ್ತಿತ್ತು, ಅದರಲ್ಲಿ ಗಾಯಕ ಆಲಿಸ್ ನೇಣಿಗೆ ನೇತಾಡ್ತಿರೋ ಫೋಟೋ. ಕ್ಯಾಲೆಂಡರ್ ಅಂದಮೇಲೆ ಗೋಡೆಗೆ ಹಾಕದೆ ಬಿಡ್ತಾರಾ, ಕಿತ್ತುಕೊಂಡಿದ್ದೇ ಜಾಸ್ತಿ. 1973ರ 'ಬಿಲಿಯನ್ ಡಾಲರ್ ಬೇಬೀಸ್' ಹಾವಿನ ಚರ್ಮದ ಪರ್ಸ್ ಥರ ಇದೆ, ಒಳಗಿನ ದೊಡ್ಡ ನಕಲಿ ನೋಟು ಇದೆಯಾ ಅಂತ ಕೇಳಿ.

ನನ್ನ ಪ್ರಕಾರ ಲೇಬಲ್, ಕಾಲು, ಚಡ್ಡಿ ಮೂರೂ ಸರಿಯಿದ್ದರೆ ಜಾಸ್ತಿ ಕೊಟ್ಟರೂ ಪರವಾಗಿಲ್ಲ. ಸುಮ್ನೆ ಹಾಡು ಕೇಳೋಕೆ ಅಂದ್ರೆ ಗೀರು ಇಲ್ಲದ ತಾಳೆಮರದ ಪ್ರತಿಯನ್ನೇ ಕಡಿಮೆಗೆ ತಗೊಳ್ಳಿ, ಚಡ್ಡಿ ಬೇಡ.