ಸಂಪಾದಕರ ಉತ್ತರ: ಗುಂಡಿ ನಾರಿದ್ದೇಕೆ, ಹಕ್ಕಲು ಯಾರ ಪಾಲು

ಪ್ರಿಯ ಸಹೋದರಿ,

ಪುಣೆಯ ವಡಗಾಂವ್ ಶೇರಿಯಿಂದ ನೀವು ಬರೆದ ಪತ್ರದ ಸಾರವನ್ನು ಬೇರೆ ಓದುಗರಿಗಾಗಿ ಮೊದಲು ಹೇಳಿಬಿಡುತ್ತೇವೆ. ನಿಮ್ಮ ಸೊಸೈಟಿಯಲ್ಲಿ 48 ಮನೆಗಳು. ಬೀದರ್, ಹುಬ್ಬಳ್ಳಿ-ಧಾರವಾಡ, ಉಡುಪಿ ಕಡೆಯಿಂದ ಬಂದು ನೆಲೆಸಿದ ಕ್ರೈಸ್ತ ಕುಟುಂಬಗಳೇ ಹೆಚ್ಚು. ಹೋದ ಮಳೆಗಾಲದ ಮುಂಚೆ ಗೊಬ್ಬರ ಮಾಡಲೆಂದು ಕಾಂಪೌಂಡಿನ ಮೂಲೆಯಲ್ಲಿ ಸಿಮೆಂಟ್ ಗುಂಡಿ ಕಟ್ಟಿಸಿ ಹಸಿ ಕಸ ಹಾಕತೊಡಗಿದಿರಿ. ಮೂರನೇ ವಾರಕ್ಕೆ ನಾತ, ಆಮೇಲೆ ಹುಳು, ಕಡೆಗೆ ಜಗಳ. ಗುಂಡಿಗೆ ಮಣ್ಣು ಮುಚ್ಚಿದಿರಿ. ಈಗ ಕ್ರಿಸ್ಮಸ್ ಮುಗಿದು ಥರ್ಮಾಕೋಲಿನ ಗೋದಲಿ (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ) ಗೇಟಿನ ಬಳಿ ಬಿದ್ದಿದೆ. ಒಣ ಕಸವನ್ನು ಭಂಗಾರ್‌ವಾಲಾನಿಗೆ, ಅಂದರೆ ಗುಜರಿಯವನಿಗೆ, ಮಾರಿ ದುಡ್ಡನ್ನು ಸಂಘದ ನಿಧಿಗೆ ಹಾಕೋಣ ಎಂದು ಯುವಕರು ಹಟ ಹಿಡಿದಿದ್ದಾರೆ. ಮತ್ತೆ ಶುರುಮಾಡುವುದಾದರೆ ಹೇಗೆ ಎಂದು ಕೇಳಿದ್ದೀರಿ.

ಯುವಕರ ಮಾತಿನಿಂದಲೇ ಶುರುಮಾಡೋಣ. ಒಣ ಕಸ ಮಾರಬೇಡಿ. ಪುಣೆಯಲ್ಲಿ ಮನೆಬಾಗಿಲಿಗೆ ಬರುವ ಅಕ್ಕಂದಿರಲ್ಲಿ ಬಹಳ ಜನ ‘ಸ್ವಚ್ಛ್’ ಸಹಕಾರ ಸಂಘದ ಸದಸ್ಯರು. ಆ ಸಂಘ ಕಸ ಆಯುವವರದೇ. 1993ರಲ್ಲಿ ಕಟ್ಟಿದ ಅವರ ಕಾರ್ಮಿಕ ಸಂಘಟನೆಯಿಂದ ಹುಟ್ಟಿ, 2008ರಿಂದ ಮಹಾನಗರ ಪಾಲಿಕೆಯ ಒಪ್ಪಂದದ ಮೇಲೆ ಮನೆಮನೆಯ ಕಸ ಎತ್ತುತ್ತಿದೆ. ತಿಂಗಳಿಗೆ ಮನೆಯವರು ಕೊಡುವ ಶುಲ್ಕ ಅವರ ಗಳಿಕೆಯ ಒಂದು ಪಾಲು ಮಾತ್ರ. ಇನ್ನೊಂದು ಪಾಲು ಬರುವುದು ರದ್ದಿ, ಬಾಟಲಿ, ಪುಟ್ಟಾ (ರಟ್ಟು), ಹಾಲಿನ ಚೀಲ ಆರಿಸಿ ಮಾರಿದ್ದರಿಂದ. ಬೆಲೆ ಬಾಳುವುದನ್ನೆಲ್ಲ ನೀವು ಮೊದಲೇ ತೆಗೆದುಕೊಂಡು, ಡೈಪರ್ ಮತ್ತು ಚಿಪ್ಸ್ ಚೀಲಗಳನ್ನು ಅವರ ಕೈಗೆ ಕೊಟ್ಟರೆ ಅದು ಪರಿಸರ ಸೇವೆಯಲ್ಲ, ಕೂಲಿ ಕಡಿತ.

ಬೈಬಲಿನ ಯಾಜಕಕಾಂಡದ 19ನೆಯ ಅಧ್ಯಾಯ ನಿಮ್ಮ ಯುವಕರಿಗೆ ಗೊತ್ತಿರುತ್ತದೆ: ಹೊಲದ ಅಂಚಿನವರೆಗೂ ಕೊಯ್ಯಬೇಡ, ಹಕ್ಕಲು (ಕೊಯ್ಲಿನಲ್ಲಿ ಬಿದ್ದುಳಿದ ತೆನೆ) ಆರಿಸಬೇಡ, ಅದು ಬಡವರಿಗೂ ಪರದೇಶದವರಿಗೂ ಸೇರಿದ್ದು. ರೂತಳು ಬೇತ್ಲೆಹೇಮಿನಲ್ಲಿ ಹೊಟ್ಟೆ ಹೊರೆದದ್ದು ಹಾಗೆ ಹಕ್ಕಲಾಯ್ದೇ. ಆ ಹೊಲದ ಒಡೆಯ ಬೋವಜ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಸಿವುಡುಗಳಿಂದ ತೆನೆಗಳನ್ನು ಬೇಕೆಂದೇ ಎಳೆದು ಬಿಡಿ ಎಂದು ಆಳುಗಳಿಗೆ ಹೇಳಿದ. ನಿಮ್ಮ ಯುವಕರು ಮಾಡಬೇಕಾದದ್ದು ಇದನ್ನೇ. ಒಣ ಕಸವನ್ನು ತೊಳೆದು, ಒಣಗಿಸಿ, ಎಣ್ಣೆಪಸೆ ಇಲ್ಲದಂತೆ ಮಾಡಿ ಕೊಡಲಿ. ಮೊಸರು ಮೆತ್ತಿದ ಚೀಲಕ್ಕೆ ಬೆಲೆಯೇ ಇಲ್ಲ. ಸ್ವಚ್ಛವಾಗಿದ್ದರೆ ಮಾರುಕಟ್ಟೆಯಲ್ಲಿ ತಕ್ಷಣ ಹೋಗುತ್ತದೆ.

ಹಾಲಿನ ಚೀಲವನ್ನೇ ನೋಡಿ. ಮೂಲೆಯನ್ನು ಪೂರ್ತಿ ಕತ್ತರಿಸಿ ಹಾಕಿದರೆ ಆ ಉಗುರಿನಷ್ಟು ತುಂಡು ಯಾರ ಕೈಗೂ ಸಿಗದೆ ಮೋರಿ ಸೇರುತ್ತದೆ. ಮೂಲೆ ಚೀಲಕ್ಕೆ ಅಂಟಿಕೊಂಡೇ ಇರುವ ಹಾಗೆ ಅರ್ಧ ಸೀಳಿ, ಹಾಲು ಬಗ್ಗಿಸಿಕೊಂಡ ಮೇಲೆ ಅರ್ಧ ಲೋಟ ನೀರು ಹಾಕಿ ಕುಲುಕಿ (ಆ ನೀರು ಗಿಡಕ್ಕೆ), ಅಡುಗೆಮನೆ ತಂತಿಗೆ ಕ್ಲಿಪ್ಪಿನಲ್ಲಿ ತೂಗುಹಾಕಿ. ಸಂಜೆಯೊಳಗೆ ಒಣಗಿರುತ್ತದೆ. ಜ್ಯೂಸ್ ಡಬ್ಬಿಯನ್ನು ಚಪ್ಪಟೆ ಮಾಡಿ. ಬಳಸಿದ ಪ್ಯಾಡ್, ಡೈಪರುಗಳನ್ನು ರದ್ದಿಯಲ್ಲಿ ಸುತ್ತಿ ಮೇಲೆ ಕೆಂಪು ಚುಕ್ಕೆ ಹಾಕುವುದು ಪುಣೆಯಲ್ಲಿ ರೂಢಿಗೆ ಬಂದದ್ದೇ ಆರಿಸುವವರ ಕೈಗಳಿಗಾಗಿ, ಅದನ್ನು ಮರೆಯಬೇಡಿ. ಒಡೆದ ಗಾಜು, ಟ್ಯೂಬ್‌ಲೈಟ್, ಬ್ಯಾಟರಿಗಳಿಗೆ ವಾಚ್‌ಮನ್ ಕ್ಯಾಬಿನ್ ಹತ್ತಿರ ಬೇರೆ ಪೆಟ್ಟಿಗೆ ಸಾಕು.

ಇನ್ನು ಗುಂಡಿ. ನಿಮ್ಮ ತಪ್ಪು ಮೂರು ಕಡೆ ಆಗಿದೆ, ಮೂರೂ ತಿದ್ದುವಂಥವೇ.

ಮೊದಲನೆಯದು ಗೋಡೆ. ನಾಲ್ಕೂ ಕಡೆ ಸಿಮೆಂಟ್ ಗಿಲಾವು ಮಾಡಿದ ಗುಂಡಿಗೆ ಗಾಳಿ ಎಲ್ಲಿಂದ ಬರಬೇಕು? ಗಾಳಿಯಿದ್ದಾಗ ಕೆಲಸ ಮಾಡುವ ಸೂಕ್ಷ್ಮಜೀವಿಗಳು ಬೇರೆ, ಇಲ್ಲದಾಗ ಮಾಡುವವು ಬೇರೆ. ಕೊಳೆತ ಮೊಟ್ಟೆಯ ವಾಸನೆ ಎರಡನೆಯ ಜಾತಿಯದು. ಮೂಗು ಉರಿಸುವ ಅಮೋನಿಯಾ ಘಾಟು ಬಂದರೆ ಕಾರಣ ಬೇರೆ: ಹಸಿ ಜಾಸ್ತಿಯಾಗಿದೆ, ಒಣ ಎಲೆ ಸಾಲದು. ಅದಕ್ಕೇ ಮುಂದೆ ಯಾರಾದರೂ ದೂರು ತಂದರೆ ‘ಎಂಥ ವಾಸನೆ’ ಎಂದು ಮೊದಲು ಕೇಳಿ. ಔಷಧಿ ಅದರಲ್ಲೇ ಇದೆ.

ಗುಂಡಿ ಬಿಡಿ, ನೆಲದ ಮೇಲೆಯೇ ತೊಟ್ಟಿ ಕಟ್ಟಿಸಿ. ಮೂರಡಿ ಉದ್ದ, ಮೂರಡಿ ಅಗಲ, ಮೂರಡಿ ಎತ್ತರ. ಇಟ್ಟಿಗೆಗಳ ನಡುವೆ ಎರಡಿಂಚು ಸಂದು ಬಿಟ್ಟ ಜಾಲಿ ಗೋಡೆ. ಮುಂದುಗಡೆ ಗೋಡೆ ಬೇಡ, ಒಂದೊಂದಾಗಿ ಎತ್ತಿ ತೆಗೆಯುವಂಥ ಹಲಗೆಗಳಿರಲಿ; ಇಲ್ಲದಿದ್ದರೆ ತಳದ ಗೊಬ್ಬರ ತೆಗೆಯಲು ಮೇಲಿನದನ್ನೆಲ್ಲ ಎತ್ತಿಹಾಕಬೇಕಾಗುತ್ತದೆ. ಒಳಗಡೆ ಅರ್ಧ ಇಂಚಿನ ತಂತಿಬಲೆ ಹೊಡೆಸಿ, ತಳಕ್ಕೂ ಸೇರಿಸಿ, ಇಲಿ ಹೆಗ್ಗಣಗಳಿಗಾಗಿ. ತಳದಲ್ಲಿ ನಾಲ್ಕಿಂಚು ಒಡೆದ ಇಟ್ಟಿಗೆ ಹರಡಿ. ಮೇಲೆ ತಗಡಿನ ಮಾಡು, ತೊಟ್ಟಿಗಿಂತ ಎರಡಡಿ ಎತ್ತರದಲ್ಲಿ.

ಎಷ್ಟು ತೊಟ್ಟಿ? ಮನೆಗೆ ದಿನಕ್ಕೆ ಅರ್ಧ ಕಿಲೋ ಹಸಿ ಕಸ ಎಂದು ಹಿಡಿದರೆ 48 ಮನೆಗೆ 24 ಕಿಲೋ. ಇದು ಅಂದಾಜು, ಕಟ್ಟಿಸುವ ಮೊದಲು ಒಂದು ವಾರ ತೂಕದ ಕೊಕ್ಕೆಗೆ ಹಾಕಿ ಬರೆದಿಡಿ, ಭಾನುವಾರವನ್ನು ಬಿಡದೆ. ಈ ಲೆಕ್ಕಕ್ಕೆ, ಎಲೆಯೂ ಸೇರಿ, ಒಂದು ತೊಟ್ಟಿ ಸುಮಾರು ಹದಿನೈದು ದಿನಕ್ಕೆ ತುಂಬುತ್ತದೆ. ತುಂಬಿದ ಮೇಲೆ ಮಾಗಲು 45 ದಿನ. ಹೀಗಾಗಿ ನಾಲ್ಕು ತೊಟ್ಟಿ: ಒಂದು ತುಂಬುತ್ತಿದ್ದರೆ ಮೂರು ಮಾಗುತ್ತಿರುತ್ತವೆ. ನಾಲ್ಕನೆಯದು ತುಂಬುವ ಹೊತ್ತಿಗೆ ಮೊದಲನೆಯದು ಖಾಲಿ ಮಾಡಲು ಸಿದ್ಧ.

ಎರಡನೆಯ ತಪ್ಪು, ನೀವು ಬರೀ ಹಸಿಯನ್ನು ಸುರಿದಿರಿ. ಹಸಿ ಕಸ ಒಂದು ಬಕೆಟ್ ಆದರೆ ಪುಡಿಮಾಡಿದ ಒಣ ಎಲೆ ಒಂದು ಬಕೆಟ್, ಪುಡಿಮಾಡದಿದ್ದರೆ ಎರಡು. ಮಳೆಮರದ ಎಲೆ ಚಿಕ್ಕದು, ಹಾಗೇ ಹಾಕಬಹುದು. ಕಾಡುಬಾದಾಮಿಯ ದೊಡ್ಡ ಎಲೆ ಒಂದರ ಮೇಲೊಂದು ಅಂಟಿ ಚಾಪೆಯಂತೆ ಕೂತು ಗಾಳಿ ಕಟ್ಟುತ್ತದೆ, ಅದನ್ನು ತುಳಿದು ಮುರಿಯಲೇಬೇಕು. ಶುರುವಿಗೆ ಒಂದು ಬುಟ್ಟಿ ಹಳೇ ಗೊಬ್ಬರವೋ ಸಗಣಿ ಕದಡಿದ ನೀರೋ ಸಾಕು, ದುಬಾರಿ ಪುಡಿ ಬೇಡ. ವಾರಕ್ಕೊಮ್ಮೆ ಮುಳ್ಳುಸಲಿಕೆಯಿಂದ ಕೆಳಗಿನದನ್ನು ಮೇಲಕ್ಕೆ ತಿರುವಬೇಕು.

ಹದ ನೋಡಲು ಒಂದು ಹಿಡಿ ತೆಗೆದು ಬಿಗಿಯಾಗಿ ಹಿಂಡಿ. ಬೆರಳ ಸಂದಿಯಲ್ಲಿ ಒಂದೆರಡು ಹನಿ ಮೂಡಿದರೆ ಸರಿ. ಧಾರೆ ಇಳಿದರೆ ಎಲೆ ಸೇರಿಸಿ. ಮುಷ್ಟಿ ಬಿಚ್ಚಿದೊಡನೆ ಉದುರಿದರೆ ನೀರು ಚಿಮುಕಿಸಿ. ಕಾವು ನೋಡಲು ಕಬ್ಬಿಣದ ಸರಳನ್ನು ನಡುಮಧ್ಯಕ್ಕೆ ಚುಚ್ಚಿ ಐದು ನಿಮಿಷ ಬಿಟ್ಟು ಎಳೆಯಿರಿ. ಹಿಡಿಯಲಾಗದಷ್ಟು ಬಿಸಿಯಿದ್ದರೆ ಒಳಗೆ ಕೆಲಸ ನಡೆದಿದೆ ಎಂದರ್ಥ. 55 ಡಿಗ್ರಿ ದಾಟಿ ಮೂರು ದಿನ ನಿಂತರೆ ರೋಗಾಣು, ಕಳೆಬೀಜ ಬಹುಪಾಲು ಸಾಯುತ್ತವೆ.

ಮೂರನೆಯದು ಭಾನುವಾರ. ಕಾಂಪೋಸ್ಟ್ ಮಾಡುವ ಬಗೆ ಹೇಳಿಕೊಡುವವರು ಸಾಮಾನ್ಯವಾಗಿ ‘ಮಾಂಸ ಮೀನು ಹಾಕಬೇಡಿ’ ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ನಿಮ್ಮಲ್ಲಿ ಅದು ನಡೆಯದ ಮಾತು. ಆರಾಧನೆ ಮುಗಿಸಿ ಬಂದ ಮೇಲೆ ಅರ್ಧಕ್ಕರ್ಧ ಮನೆಗಳಲ್ಲಿ ಕೋಳಿ, ಕುರಿ, ಹಂದಿ ಅಥವಾ ಬಂಗುಡೆ ಬೇಯುತ್ತದೆ. ಎಲ್ಲರೂ ಸೋಮವಾರ ಬೆಳಿಗ್ಗೆ ಅದನ್ನೆಲ್ಲ ಗುಂಡಿಯ ಮೇಲ್ಭಾಗಕ್ಕೆ ಸುರಿದರೆ ನೊಣವೂ ಬೆಕ್ಕೂ ಬಾರದೆ ಇರುತ್ತವೆಯೇ? ಹಾಕಿ, ಆದರೆ ಹೀಗೆ: ಸಾರು, ಗ್ರೇವಿ ಬಸಿದು ಗಟ್ಟಿ ಮಾತ್ರ ಕೊಡಿ, ಏಕೆಂದರೆ ಎಣ್ಣೆ ಕಸದ ಮೇಲೆ ಪದರ ಕಟ್ಟಿ ಗಾಳಿ ತಡೆಯುತ್ತದೆ. ಈಗಾಗಲೇ ಕಾವೇರಿದ ತೊಟ್ಟಿಯ ನಡುವೆ ಒಂದಡಿ ಆಳದ ಕುಳಿ ತೋಡಿ ಅದರೊಳಗೆ ಹಾಕಿ, ಮೇಲೆ ಆರಿಂಚು ಒಣ ಎಲೆ ಮುಚ್ಚಿ. ಹೊಸದಾಗಿ ಶುರುಮಾಡಿದ ತಣ್ಣನೆ ತೊಟ್ಟಿಗೆ ಮಾತ್ರ ಬೇಡ. ಸಿಗಡಿ ಸಿಪ್ಪೆ ಚೆನ್ನಾಗಿ ಕರಗುತ್ತದೆ. ಕೋಳಿ ಮೂಳೆ ಮೆತ್ತಗಾಗುತ್ತದೆ. ಕುರಿಯ ಮೂಳೆ, ತೆಂಗಿನ ಚಿಪ್ಪು ಜರಡಿಯಲ್ಲಿ ಉಳಿಯುತ್ತವೆ. ಮೀನನ್ನು ಮಾರುವವಳಿಂದಲೇ ಅಲ್ಲೇ ಹೆಚ್ಚಿಸಿಕೊಂಡು ಬಂದರೆ ಅರ್ಧ ತಲೆನೋವು ಕಡಿಮೆ.

ಹುಳುವಿನ ಬಗ್ಗೆ ಗಾಬರಿಯಾಗಬೇಡಿ. ಬೂದುಬಣ್ಣದ, ಚಪ್ಪಟೆ, ಗಟ್ಟಿ ಚರ್ಮದ ಹುಳು ಬ್ಲ್ಯಾಕ್ ಸೋಲ್ಜರ್ ನೊಣದ ಮರಿ. ಅದು ಕಸ ತಿಂದು ಕೆಲಸ ಬೇಗ ಮುಗಿಸುತ್ತದೆ, ಆ ನೊಣ ಅಡುಗೆಮನೆಗೆ ನುಗ್ಗುವುದಿಲ್ಲ. ಬಿಳಿ, ಮೆತ್ತನೆಯ ಸಣ್ಣ ಹುಳುಗಳು ಮೇಲ್ಪದರದಲ್ಲೇ ಕಂಡರೆ ಅವು ಮನೆನೊಣದ್ದಿರಬಹುದು. ಎರಡಕ್ಕೂ ಮದ್ದು ಒಂದೇ: ಪ್ರತಿ ಸಲ ಹಾಕಿದ ಮೇಲೆ ಹಸಿ ಕಣ್ಣಿಗೆ ಬೀಳದಷ್ಟು ಎಲೆ ಮುಚ್ಚುವುದು. ಫಿನೈಲ್ ಹೊಯ್ದರೆ ಹುಳುವಿನ ಜೊತೆ ಕೆಲಸ ಮಾಡುವ ಜೀವಿಗಳೂ ಸತ್ತು ತೊಟ್ಟಿ ಮತ್ತೆ ನಾರುತ್ತದೆ.

ಯಾವಾಗ ಶುರುಮಾಡಬೇಕು ಎಂದಿದ್ದೀರಿ. ಈಸ್ಟರಿಗೆ ಮುಂಚಿನ ತಪಸ್ಸು ಕಾಲ ಶುರುವಾಗುವ ವಿಭೂತಿ ಬುಧವಾರ ಒಳ್ಳೆಯ ದಿನ. ತಪಸ್ಸು ಕಾಲಕ್ಕೆ ಹೊಂದುತ್ತದೆ ಎಂಬುದು ಒಂದು ಮಾತು; ಪುಣೆಯಲ್ಲಿ ಎಲೆ ಉದುರುವುದು ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಎಂಬುದು ಇನ್ನೊಂದು, ಹೆಚ್ಚು ಮುಖ್ಯವಾದದ್ದು. ಮಾಲಿ ಎಲೆ ಗುಡಿಸಿ ಸುಡುತ್ತಿದ್ದರೆ ಇವತ್ತೇ ನಿಲ್ಲಿಸಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ 120 ದಿನಕ್ಕೆ, ದಿನಕ್ಕೆ ನಾಲ್ಕು ಬಕೆಟ್ ಎಂದರೂ, ಒತ್ತಿ ತುಂಬಿದ ಸುಮಾರು 70 ಗೋಣಿಚೀಲ ಎಲೆ ಬೇಕು. ಇದನ್ನು ಯಾರೂ ಮೊದಲೇ ಲೆಕ್ಕ ಹಾಕುವುದಿಲ್ಲ. ಜುಲೈಯಲ್ಲಿ ತೊಟ್ಟಿಗಳು ಕೆಡುವುದು ಅದಕ್ಕೇ. ಪಾರ್ಕಿಂಗಿನಲ್ಲಿ ಅಷ್ಟು ಜಾಗವಿಲ್ಲದಿದ್ದರೆ ಉಳಿದದ್ದಕ್ಕೆ ತೆಂಗಿನ ನಾರಿನ ಪುಡಿಯ ಇಟ್ಟಿಗೆ ತನ್ನಿ, ಆದರೆ ನೆನೆಸದೆ ಒಣಗಿದಂತೆಯೇ ಪುಡಿಮಾಡಿ ಹಾಕಿ; ಮಳೆಗಾಲದಲ್ಲಿ ಅದು ನೀರು ಹೀರಬೇಕಾದದ್ದು. ಈಸ್ಟರ್ ಹೊತ್ತಿಗೆ ಗೊಬ್ಬರ ಸಿಗುತ್ತದೆಂದು ಮಾತ್ರ ಸಭೆಯಲ್ಲಿ ಮಾತು ಕೊಡಬೇಡಿ. ತುಂಬಲು ಹದಿನೈದು, ಮಾಗಲು ನಲವತ್ತೈದು ದಿನ; ಈಸ್ಟರ್ ಆದ ಮೇಲೂ ಇನ್ನೆರಡು ವಾರ ಕಾಯಬೇಕಾಗುತ್ತದೆ.

ಗೋದಲಿಯ ಥರ್ಮಾಕೋಲನ್ನು ಸುಡಬೇಡಿ, ಹೊಗೆ ವಿಷ. ಅದರಲ್ಲಿ ಗಾಳಿಯೇ ಹೆಚ್ಚು, ತೂಕವಿಲ್ಲ, ಹಾಗಾಗಿ ಭಂಗಾರದವರು ಮುಟ್ಟುವುದಿಲ್ಲ. ಮುರಿಯದೆ ಬೇರೆಯಾಗಿ ಕಟ್ಟಿ ಕಸ ಎತ್ತುವವರಿಗೆ ಕೊಡಿ, ಹೊಸದು ತರಬೇಡಿ. ಅಲಂಕಾರದ ಥರ್ಮಾಕೋಲ್ 1 ಜುಲೈ 2022ರಿಂದ ದೇಶದಾದ್ಯಂತ ನಿಷೇಧವಾಗಿದೆ, ಮಹಾರಾಷ್ಟ್ರದಲ್ಲಿ 2018ರಿಂದಲೇ. ಮುಂದಿನ ಗೋದಲಿಯಲ್ಲಿ ಬೆಟ್ಟಕ್ಕೆ ಗಂಜಿ ಹಾಕಿದ ಗೋಣಿತಟ್ಟು, ಕೊಟ್ಟಿಗೆಗೆ ಭತ್ತದ ಹುಲ್ಲು, ಹಸಿರಿಗೆ ತಟ್ಟೆಯಲ್ಲಿ ಹತ್ತು ದಿನ ಮುಂಚೆ ಬಿತ್ತಿದ ಗೋಧಿ ಅಥವಾ ರಾಗಿ ಸಸಿ. ಜನವರಿ 6ರ ಹಬ್ಬವಾದ ಮೇಲೆ ಹುಲ್ಲು, ಸಸಿ ಎರಡೂ ತೊಟ್ಟಿಗೆ ಹೋಗುತ್ತವೆ. ಸಮಾಧಿಗಳಿಗೆ ತರುವ ಹೂಗುಚ್ಛಗಳಲ್ಲಿ ತಂತಿ, ರಿಬ್ಬನ್, ಹೂ ಚುಚ್ಚುವ ಹಸಿರು ಸ್ಪಂಜನ್ನು ಕಿತ್ತು ಹೂವನ್ನಷ್ಟೇ ಹಾಕಿ. ಆ ಸ್ಪಂಜು ಕೊಳೆಯುವುದಿಲ್ಲ. ಗರಿಗಳ ಭಾನುವಾರ ಆಶೀರ್ವದಿಸಿದ ಗರಿಗಳನ್ನು ತೊಟ್ಟಿಗೆ ಹಾಕದೆ ಫಾದರ್ ಕೈಗೆ ಕೊಡಿ, ಮುಂದಿನ ವಿಭೂತಿ ಬುಧವಾರದ ಬೂದಿಗೆ ಬೇಕಾಗುತ್ತವೆ.

‘ನಮ್ಮದು ದಿನಕ್ಕೆ 100 ಕಿಲೋ ಆಗುವುದಿಲ್ಲ, ಕಾನೂನು ನಮಗಿಲ್ಲ’ ಎಂದ ಸದಸ್ಯರಿಗೆ ಹೇಳಿ: ಹಸಿ ಒಣ ಬೇರ್ಪಡಿಸುವುದು 2016ರ ಘನತ್ಯಾಜ್ಯ ನಿರ್ವಹಣೆ ನಿಯಮಗಳು ಬಂದಾಗಿನಿಂದ ಪ್ರತಿ ಮನೆಯ ಹೊಣೆ. ಪುಣೆಯ ಕಸ ವರ್ಷಗಟ್ಟಲೆ ಹೋಗಿ ಬಿದ್ದದ್ದು ನಗರದಂಚಿನ ಉರುಳಿ ದೇವಾಚಿ, ಫುರ್ಸುಂಗಿ ಊರುಗಳಲ್ಲಿ. ಬಾವಿನೀರು ಕೆಟ್ಟಿತೆಂದು ಅಲ್ಲಿನವರು ಬೀದಿಗಿಳಿದರು. ಅವರೂ ನೆರೆಯವರೇ.

ಎರಡನೇ ತೊಟ್ಟಿ ಶುರುವಾದ ದಿನ ತೂಕದ ವಹಿಯ ಮೊದಲ ಪುಟ ಕಳಿಸಿ. ವಾಸನೆ ಬಂದಿದ್ದರೆ ಮೊಟ್ಟೆಯದೋ ಅಮೋನಿಯಾದ್ದೋ ಎಂದೂ ಬರೆಯಿರಿ.

– ಸಂಪಾದಕರು