ಫ್ಯಾಂಟಸಿ ಕಾದಂಬರಿಗೆ ಪದಕೋಶ ಬೇಕೆ?

ಪ್ರಶ್ನೆ: ಇಂಗ್ಲಿಷಿನ ದೊಡ್ಡ ಫ್ಯಾಂಟಸಿ ಕಾದಂಬರಿಗಳ ಕೊನೆಯಲ್ಲಿ ಕಲ್ಪಿತ ಹೆಸರು, ಪದಗಳ ಅರ್ಥಕೋಶವಿರುತ್ತದೆ. ಅದನ್ನು ಮೊದಲೇ ಓದಿಕೊಳ್ಳಬೇಕೆ? ಅಂಥದ್ದು ಬೇಕಾಗುವುದೇ ಲೇಖಕರ ಸೋಲಲ್ಲವೆ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಮೊದಲೇ ಓದಬೇಡಿ. ಪಾತ್ರವೊಂದರ ನಿಜವಾದ ವಂಶವನ್ನು ಕಾದಂಬರಿಯು ನೂರಾರು ಪುಟಗಳವರೆಗೆ ಗುಟ್ಟಾಗಿ ಕಾಯ್ದುಕೊಂಡು ಬಂದಿರುವಾಗ, ಅಕಾರಾದಿಯಲ್ಲಿ ಜೋಡಿಸಿದ ಒಂದೇ ಸಾಲಿನ ವಿವರಣೆ ಅದನ್ನು ಬಯಲು ಮಾಡಿಬಿಡುವುದುಂಟು.

ಆದರೆ ಪದಕೋಶವಿರುವುದೇ ಸೋಲು ಎಂಬ ಮಾತನ್ನು ಒಪ್ಪಲಾರೆ. ರಿಚರ್ಡ್ ಆಡಮ್ಸ್ ಅವರ ‘ವಾಟರ್‌ಶಿಪ್ ಡೌನ್’ (1972) ಕಾದಂಬರಿಯ ಮೊಲಗಳಿಗೆ ತಮ್ಮದೇ ಆದ ನುಡಿಯಿದೆ, ಕೊನೆಯಲ್ಲಿ ಅದರ ಪುಟ್ಟ ಪದಕೋಶವೂ ಇದೆ. ‘ಸಿಲ್‌ಫ್ಲೇ’ ಎಂದರೆ ಬಿಲದಿಂದ ಮೇಲೆ ಬಂದು ಮೇಯುವುದು. ‘ಹ್ರೈರ್’ ಎಂದರೆ ಬಹಳ, ಏಕೆಂದರೆ ಆ ಮೊಲಗಳ ಎಣಿಕೆ ನಾಲ್ಕಕ್ಕೇ ನಿಲ್ಲುತ್ತದೆ. ಈ ಪದಗಳು ಸಂದರ್ಭದಲ್ಲೇ ಮತ್ತೆ ಮತ್ತೆ ಬಳಕೆಯಾಗುವುದರಿಂದ ಪುಸ್ತಕ ಮುಗಿಯುವ ಹೊತ್ತಿಗೆ ಓದುಗರಿಗೆ ಮೊಲಗಳ ಬೈಗುಳವೂ ತಾನಾಗಿ ಅರ್ಥವಾಗುತ್ತದೆ. ಪದಕೋಶ ಅಲ್ಲಿ ಬರಿಯ ಆಸರೆ. ಇದಕ್ಕೆ ಬದಲಾಗಿ, ಹೇಗೂ ಕೊನೆಯಲ್ಲಿ ಅರ್ಥ ಕೊಟ್ಟಿದ್ದೇನಲ್ಲ ಎಂಬ ಧೈರ್ಯದಿಂದ ಮೊದಲ ಅಧ್ಯಾಯದಲ್ಲೇ ಹತ್ತಾರು ವಿಚಿತ್ರ ಹೆಸರುಗಳನ್ನು ಸುರಿಯುವ ಲೇಖಕರೂ ಇದ್ದಾರೆ. ನಿಮ್ಮ ಆಕ್ಷೇಪ ಅವರಿಗೆ ಸಲ್ಲುತ್ತದೆ.

ಬಹುಸಂಪುಟಗಳ ಮಾಲೆಗಳಲ್ಲಂತೂ ಪದಕೋಶದ ಉಪಕಾರ ದೊಡ್ಡದು. ರಾಬರ್ಟ್ ಜೋರ್ಡನ್ ಆರಂಭಿಸಿದ ‘ದಿ ವೀಲ್ ಆಫ್ ಟೈಮ್’ ಮಾಲೆಯ ಮೊದಲ ಸಂಪುಟ ಬಂದದ್ದು 1990ರಲ್ಲಿ, ಕೊನೆಯದು 2013ರಲ್ಲಿ. ವರ್ಷಗಟ್ಟಲೆ ಕಾದ ಓದುಗರು ಯಾರು ಯಾರೆಂಬುದನ್ನು ಮರೆತಿದ್ದರೆ ಆಶ್ಚರ್ಯವೇನಿಲ್ಲ. ಫೋನಿನಲ್ಲಿ ಓದುವವರಿಗೆ ಹಿಂದೆ ಮುಂದೆ ಹೋಗುವುದು ಕಿರಿಕಿರಿಯೇ ಸರಿ. ಒಂದು ಹೆಸರು ಮೂರನೆಯ ಬಾರಿ ಬಂದಾಗಲೂ ತಿಳಿಯದಿದ್ದರೆ ಮಾತ್ರ ಕೊನೆಯ ಪುಟಗಳಿಗೆ ಹೋಗಿ.