ಓದುಗರ ಪ್ರಶ್ನೆ, ಲೈಬ್ರರಿಯನ್ ಉತ್ತರ: ಹುಡುಕೋದನ್ನು ಯಾರೂ ಹೇಳಿಕೊಡಲಿಲ್ಲ

ಈ ಸಲ ಬಂದ ಪತ್ರಗಳೆಲ್ಲ ಹೆಚ್ಚುಕಡಿಮೆ ಒಂದೇ ಕಷ್ಟ ಹೇಳುತ್ತವೆ. ಲೈಬ್ರರಿ ಇದೆ, ಇಂಟರ್ನೆಟ್ ಇದೆ, ಬೇಕಾದದ್ದು ಮಾತ್ರ ಸಿಗುತ್ತಿಲ್ಲ. 22 ವರ್ಷದಿಂದ ಕಾಲೇಜು ಲೈಬ್ರರಿಯ ರೆಫರೆನ್ಸ್ ಮೇಜಿನಲ್ಲಿ, ಅಂದರೆ ಹುಡುಕಲು ಸಹಾಯ ಕೇಳಿ ಬರುವ ಮೇಜಿನಲ್ಲಿ, ಕೂತಿದ್ದೇನೆ. ಅಲ್ಲಿ ಕಂಡದ್ದನ್ನೇ ಬರೆಯುತ್ತೇನೆ.

*ಮೇಡಂ, ನಾನು ಎಂಎ ಮೊದಲ ವರ್ಷದಲ್ಲಿದ್ದೇನೆ. ಕಾಲೇಜು ಶುರುವಾದ ವಾರವೇ ‘ಲೈಬ್ರರಿ ಪರಿಚಯ’ ಅಂತ ಒಂದು ಗಂಟೆ ಕ್ಲಾಸ್ ಮಾಡಿದರು. ಈಗ ಏನೂ ನೆನಪಿಲ್ಲ. ‘ವಿದ್ಯಾರ್ಥಿಗಳ ನಿದ್ರೆಯ ಮೇಲೆ ಮೊಬೈಲ್ ಪರಿಣಾಮ’ ನನ್ನ ಪ್ರಾಜೆಕ್ಟ್. ಲೈಬ್ರರಿಯಲ್ಲಿ ಲೇಖನ ಹುಡುಕುವ ಡೇಟಾಬೇಸ್‌ನಲ್ಲಿ ಇಡೀ ವಾಕ್ಯ ಹಾಕಿದರೆ ಏನೂ ಬರಲ್ಲ. ‘ಮೊಬೈಲ್’ ಅಂತಷ್ಟೇ ಹಾಕಿದರೆ ಸಾವಿರಗಟ್ಟಲೆ ಬರುತ್ತದೆ. ಮೇಜಿನ ಹತ್ತಿರ ಹೋಗಿ ಕೇಳೋಕೆ ಮುಜುಗರ.*

ಮೊದಲು ಮುಜುಗರದ ಮಾತು. ಅದು ನಿಮ್ಮೊಬ್ಬರದಲ್ಲ. 1986ರಲ್ಲಿ ಕಾನ್‌ಸ್ಟನ್ಸ್ ಮೆಲನ್ ಅನ್ನುವ ಅಮೆರಿಕದ ಸಂಶೋಧಕಿ ಇದಕ್ಕೆ ‘ಲೈಬ್ರರಿ ಆತಂಕ’ ಅಂತ ಹೆಸರಿಟ್ಟರು. ವಿದ್ಯಾರ್ಥಿಗಳು ಲೈಬ್ರರಿಯಲ್ಲಿ ಮಾಹಿತಿ ಹುಡುಕಿದ ಅನುಭವವನ್ನು ತಾವೇ ಬರೆದದ್ದನ್ನು ಅವರು ಓದಿದರು. ಶುರುವಿನಲ್ಲಿ ಭಯ ಆಯಿತು ಅಂದವರು ನೂರಕ್ಕೆ 75ರಿಂದ 85 ಮಂದಿ. ‘ಉಳಿದವರಿಗೆಲ್ಲ ಗೊತ್ತು, ನನಗೊಬ್ಬಳಿಗೇ ಗೊತ್ತಿಲ್ಲ, ಕೇಳಿದರೆ ಅದು ಬಯಲಾಗುತ್ತದೆ’ ಅನ್ನುವ ಭಯ. ಪಕ್ಕದ ಕುರ್ಚಿಯವರೂ ಹೀಗೇ ಅಂದುಕೊಂಡು ಸುಮ್ನೆ ಕೂತಿರುತ್ತಾರೆ.

ಒಂದು ಸಲ ಒಬ್ಬ ಹುಡುಗಿ ನನ್ನ ಮೇಜಿನ ಎದುರು, ನಿಘಂಟುಗಳ ಕಪಾಟಿನ ಹತ್ತಿರ ಅರ್ಧ ಗಂಟೆ ನಿಂತಿದ್ದಳು. ಒಂದೇ ಸಂಪುಟವನ್ನು ತೆಗೆಯೋದು, ಇಡೋದು. ನಾನೇ ಎದ್ದು ಹೋಗಿ ‘ಏನಮ್ಮ ಹುಡುಕ್ತಿದ್ದೀಯ?’ ಅಂದೆ. ‘ಸೈಕಾಲಜಿ ಪುಸ್ತಕ ಎಲ್ಲಿವೆ ಮೇಡಂ?’ ಅಂದಳು. ಕೈ ತೋರಿಸಿ ‘ಅಲ್ಲಿ’ ಅಂದಿದ್ದರೆ ಮುಗಿದೇ ಹೋಗುತ್ತಿತ್ತು. ಪಕ್ಕದಲ್ಲಿ ಕೂರಿಸಿಕೊಂಡು ಯಾಕೆ ಬೇಕು ಅಂತ ಕೇಳಿದೆ. ಪರೀಕ್ಷೆಯ ಭಯದ ಬಗ್ಗೆ ಪ್ರಾಜೆಕ್ಟ್. ಅದಕ್ಕೆ ಒಂದು ಪ್ರಶ್ನಾವಳಿ ಬೇಕು. ಬೇರೆಯವರು ಆಗಲೇ ಬಳಸಿ ನೋಡಿದ ಪ್ರಶ್ನಾವಳಿ ಇದ್ದರೆ ಒಳ್ಳೆಯದು ಅಂತ ಗೈಡ್ ಹೇಳಿದ್ದಾರೆ. ಈಗ ನೋಡಿ, ಅವಳಿಗೆ ಬೇಕಾದದ್ದು ಸೈಕಾಲಜಿ ಕಪಾಟಿನಲ್ಲೇ ಇರಲಿಲ್ಲ. ಒಂದು ಜರ್ನಲ್ ಲೇಖನದ ಕೊನೆಯ ಅನುಬಂಧದಲ್ಲಿತ್ತು. ಮೊದಲು ಕೇಳುವ ಪ್ರಶ್ನೆಯ ಹಿಂದೆ ನಿಜವಾದ ಪ್ರಶ್ನೆ ಅಡಗಿರುತ್ತದೆ. ಅದನ್ನು ಹೊರಗೆ ತರುವುದೇ ನಮ್ಮ ಕೆಲಸ. ನೀವು ಅರೆಬರೆಯಾಗಿ ಕೇಳಿದರೂ ಪರವಾಗಿಲ್ಲ.

ಈಗ ನಿಮ್ಮ ಪ್ರಾಜೆಕ್ಟ್. ಕಂಪ್ಯೂಟರ್ ಮುಟ್ಟಬೇಡಿ. ಒಂದು ಹಾಳೆ ತೆಗೆದುಕೊಂಡು ಮೂರು ಕಾಲಂ ಎಳೆಯಿರಿ. ನಿಮ್ಮ ವಾಕ್ಯದಲ್ಲಿ ಇರುವುದು ಮೂರೇ ವಿಚಾರ: ಮೊಬೈಲ್, ನಿದ್ರೆ, ವಿದ್ಯಾರ್ಥಿ. ‘ಮೇಲೆ’, ‘ಪರಿಣಾಮ’ ಬಿಟ್ಟುಬಿಡಿ, ಹುಡುಕುವಾಗ ಅವು ಕೆಲಸಕ್ಕೆ ಬರಲ್ಲ. ಒಂದೊಂದರ ಕೆಳಗೂ ಬೇರೆಯವರು ಅದನ್ನು ಏನಂತ ಕರೆದಿರಬಹುದು ಅಂತ ಯೋಚಿಸಿ ಬರೆಯಿರಿ. ನೀವು ಮೊಬೈಲ್ ಅನ್ನುತ್ತೀರಿ. ಲೇಖನ ಬರೆದವರು ‘ಸ್ಮಾರ್ಟ್‌ಫೋನ್’ ಅಂದಿರಬಹುದು, ‘ಸೆಲ್ ಫೋನ್’ ಅಂದಿರಬಹುದು, ‘ಸ್ಕ್ರೀನ್ ಟೈಮ್’ ಅಂದಿರಬಹುದು. ನಿದ್ರೆಯ ಬಗ್ಗೆ ಬರೆದ ಇನ್ನೊಬ್ಬರು ‘ಇನ್ಸೋಮ್ನಿಯಾ’, ಅಂದರೆ ನಿದ್ದೆ ಬಾರದಿರುವುದು, ಅಂದಿರಬಹುದು. ಹಾಳೆ ತುಂಬಿದ ಮೇಲೆ ಕಂಪ್ಯೂಟರ್ ಹತ್ತಿರ ಹೋಗಿ. ಒಂದೇ ಕಾಲಂನ ಪದಗಳ ನಡುವೆ ಇಂಗ್ಲಿಷ್‌ನ ‘ಆರ್’ (OR) ಹಾಕಿ, ಎಲ್ಲವನ್ನೂ ಆವರಣದೊಳಗೆ ಇಡಿ. ಕಾಲಂ ಮತ್ತು ಕಾಲಂ ನಡುವೆ ‘ಆಂಡ್’ (AND) ಹಾಕಿ. ಎರಡನ್ನೂ ದೊಡ್ಡಕ್ಷರದಲ್ಲಿ ಟೈಪ್ ಮಾಡಿ. ‘ಆರ್’ ಬಲೆಯನ್ನು ಅಗಲ ಮಾಡುತ್ತದೆ, ‘ಆಂಡ್’ ಬಿಗಿ ಮಾಡುತ್ತದೆ. ಎರಡು ಪದ ಜೊತೆಯಾಗೇ ಬರಬೇಕು ಅಂದರೆ ಉದ್ಧರಣ ಚಿಹ್ನೆಯೊಳಗೆ ಇಡಿ. ‘ಅಡಿಕ್ಟ್’ ಅಂತ ಬರೆದು ಪಕ್ಕದಲ್ಲಿ ನಕ್ಷತ್ರ ಚಿಹ್ನೆ ಹಾಕಿದರೆ ಹೆಚ್ಚಿನ ಡೇಟಾಬೇಸ್‌ಗಳಲ್ಲಿ ಅಡಿಕ್ಷನ್, ಅಡಿಕ್ಟಿವ್ ಎಲ್ಲವೂ ಬರುತ್ತವೆ.

ಇನ್ನೊಂದು ಮಾತು, ಇದನ್ನು ಜಾಸ್ತಿ ಯಾರೂ ಹೇಳಲ್ಲ. ಒಂದೇ ಒಂದು ಒಳ್ಳೆಯ ಲೇಖನ ಸಿಕ್ಕರೆ ಸಾಕು, ಅಲ್ಲೇ ನಿಲ್ಲಿ. ಅದರ ವಿವರ ಇರುವ ಪುಟದಲ್ಲಿ ವಿಷಯ ಶೀರ್ಷಿಕೆಗಳ ಸಾಲು ಇರುತ್ತದೆ. ಅವು ಡೇಟಾಬೇಸ್‌ನವರೇ ಬಳಸುವ ಪದಗಳು. ಅವುಗಳಿಂದ ಮತ್ತೆ ಹುಡುಕಿ. ಆಮೇಲೆ ಲೇಖನದ ಕೊನೆಯ ಉಲ್ಲೇಖಗಳನ್ನು ನೋಡಿದರೆ ಹಿಂದಿನ ಕಾಲಕ್ಕೆ ಹೋಗುತ್ತೀರಿ. ಗೂಗಲ್ ಸ್ಕಾಲರ್‌ನಲ್ಲಿ ಆ ಲೇಖನದ ಕೆಳಗೆ ಇದನ್ನು ಯಾರು ಯಾರು ಉಲ್ಲೇಖಿಸಿದ್ದಾರೆ ಅನ್ನುವ ಕೊಂಡಿ ಇರುತ್ತದೆ. ಅದನ್ನು ಒತ್ತಿದರೆ ಮುಂದಿನ ಕಾಲಕ್ಕೆ ಬರುತ್ತೀರಿ.

*ನಾನು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಪ್ರತಿ ವರ್ಷ ನಮ್ಮ ಲೈಬ್ರರಿಯನ್ ಅವರನ್ನು ಕರೆಸಿ ವಿದ್ಯಾರ್ಥಿಗಳಿಗೆ ಒಂದು ಗಂಟೆ ಮಾತಾಡಿಸುತ್ತೇನೆ. ಆದರೂ ಅಸೈನ್‌ಮೆಂಟ್‌ಗಳಲ್ಲಿ ಮೊದಲು ಕಂಡ ನಾಲ್ಕು ವೆಬ್‌ಸೈಟ್‌ಗಳೇ ಇರುತ್ತವೆ. ಏನು ಮಾಡಲಿ ಮೇಡಂ?*

ಸರ್, ಆ ಒಂದು ಗಂಟೆ ಯಾವಾಗ ಅನ್ನುವುದು ಮುಖ್ಯ. ಮೇಲಿನ ಪತ್ರವನ್ನೇ ನೋಡಿ. ಅದನ್ನು ಬರೆದ ಹುಡುಗಿಗೆ ಕ್ಲಾಸ್ ಆದ ದಿನ ಪ್ರಾಜೆಕ್ಟ್ ಇರಲಿಲ್ಲ, ಪ್ರಾಜೆಕ್ಟ್ ಬಂದ ದಿನ ಕ್ಲಾಸ್ ಇರಲಿಲ್ಲ. ನಾನೂ ಮೊದಲ ಏಳೆಂಟು ವರ್ಷ ಹಾಗೇ ಪಾಠ ಮಾಡಿದೆ. 60 ಸ್ಲೈಡ್ ತೋರಿಸುತ್ತಿದ್ದೆ. ಆಮೇಲೆ ಒಬ್ಬ ಅಧ್ಯಾಪಕಿ ಬಂದು ‘ಅಸೈನ್‌ಮೆಂಟ್ ಕೊಟ್ಟು ಹತ್ತು ದಿನ ಆದ ಮೇಲೆ ಮಕ್ಕಳನ್ನು ಕಳಿಸ್ತೀನಿ’ ಅಂದರು. ಆ ದಿನ ಸ್ಲೈಡ್ ತೆರೆಯಲೇ ಇಲ್ಲ. ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಪ್ರಶ್ನೆ, ಒಂದೊಂದು ಸಿಕ್ಕು. ಎರಡು ಗಂಟೆ ಯಾರೂ ಏಳಲಿಲ್ಲ. ಅವತ್ತಿಂದ ನಾನು ಖಾಲಿ ಕೈಯಲ್ಲಿ ಬರುವ ತರಗತಿಗೆ ಪಾಠ ಮಾಡುವುದನ್ನು ಬಿಟ್ಟೆ.

ಬೇಕಾದ ಮಾಹಿತಿಯನ್ನು ಹುಡುಕಿ, ತೂಗಿ, ಬಳಸಲು ಬರುವುದಕ್ಕೆ ‘ಮಾಹಿತಿ ಸಾಕ್ಷರತೆ’ ಅನ್ನುತ್ತಾರೆ. ಈ ಮಾತನ್ನು ಅಮೆರಿಕದ ಪಾಲ್ ಜುರ್ಕೋವ್‌ಸ್ಕಿ 1974ರಲ್ಲಿ ಬಳಕೆಗೆ ತಂದರು. 2000ದಲ್ಲಿ ಅಮೆರಿಕದ ಕಾಲೇಜು ಮತ್ತು ಸಂಶೋಧನಾ ಗ್ರಂಥಾಲಯಗಳ ಸಂಘ ಅದಕ್ಕೆ 5 ಮಾನದಂಡ ಹಾಕಿತು. 2016ರಲ್ಲಿ ಆ ಮಾನದಂಡಗಳನ್ನು ಕೈಬಿಟ್ಟು 6 ಮೂಲ ವಿಚಾರಗಳ ಚೌಕಟ್ಟನ್ನು ಒಪ್ಪಿಕೊಂಡಿತು. ಅದರಲ್ಲಿ ನನಗೆ ತುಂಬಾ ಹಿಡಿಸಿದ ವಿಚಾರ, ವಿದ್ವತ್ತು ಅಂದರೆ ಒಂದು ಮಾತುಕತೆ ಅನ್ನುವುದು. ನಿಮ್ಮ ಅಸೈನ್‌ಮೆಂಟ್ ಅನ್ನು ಅದರ ಮೇಲೇ ಕಟ್ಟಿ. ‘5 ಆಕರ ಕೊಡಿ’ ಅಂದರೆ ಮೊದಲು ಕಂಡ 5 ಬರುತ್ತವೆ, ಅದು ಮಕ್ಕಳ ತಪ್ಪಲ್ಲ. ‘ಒಬ್ಬರ ಮಾತನ್ನು ಇನ್ನೊಬ್ಬರು ಒಪ್ಪದ ಎರಡು ಲೇಖನ ಹುಡುಕಿ, ಎಲ್ಲಿ ಒಪ್ಪಲಿಲ್ಲ ಅಂತ ಬರೆಯಿರಿ’ ಅನ್ನಿ. ಜೊತೆಗೆ ಹುಡುಕಿದ ಪದಗಳು ಯಾವುವು, ಯಾವುದನ್ನು ಬದಲಾಯಿಸಿದೆ, ಯಾಕೆ ಅಂತ ಅರ್ಧ ಪುಟ ಬರೆಸಿ. ಅದಕ್ಕೂ ಅಂಕ ಕೊಡಿ. ಅಂಕ ಇಲ್ಲದ ಕೆಲಸವನ್ನು ಯಾರು ಮನಸ್ಸಿಟ್ಟು ಮಾಡುತ್ತಾರೆ, ಅಲ್ವಾ?

*ಚಾಟ್‌ಬಾಟ್ ಕೇಳಿ 5 ಲೇಖನಗಳ ಪಟ್ಟಿ ಪಡೆದೆ. ನಮ್ಮ ಲೈಬ್ರರಿಯಲ್ಲಿ ಎರಡು ಸಿಗಲೇ ಇಲ್ಲ. ಲೈಬ್ರರಿಯಲ್ಲೇ ಕೊರತೆಯಾ?*

ಅಲ್ಲ. ಆ ಎರಡು ಲೇಖನಗಳು ಎಲ್ಲೂ ಇಲ್ಲದೇ ಇರಬಹುದು. ಇಂಥ ಯಂತ್ರಗಳು ಉಲ್ಲೇಖದ ರೂಪವನ್ನು ಚೆನ್ನಾಗಿ ಕಲಿತಿವೆ. ಇರುವ ಲೇಖಕರ ಹೆಸರು, ಇರುವ ಜರ್ನಲ್, ನಂಬುವಂಥ ವರ್ಷ ಎಲ್ಲ ಜೋಡಿಸಿ, ಇಲ್ಲದ ಲೇಖನವನ್ನು ಕಟ್ಟಿಕೊಡಬಲ್ಲವು. 2023ರಲ್ಲಿ ನ್ಯೂಯಾರ್ಕ್‌ನ ಫೆಡರಲ್ ಕೋರ್ಟಿಗೆ ವಕೀಲರು ಚಾಟ್‌ಜಿಪಿಟಿ ಕೊಟ್ಟ ಹಳೆಯ ತೀರ್ಪುಗಳನ್ನು ಸಲ್ಲಿಸಿದರು. ಆ ತೀರ್ಪುಗಳೇ ಇರಲಿಲ್ಲ. 5,000 ಡಾಲರ್ ದಂಡ ಬಿತ್ತು. ನನ್ನನ್ನು ಜಾಸ್ತಿ ಕಾಡಿದ್ದು ಇನ್ನೊಂದು ವಿವರ. ಈ ಕೇಸ್ ನಿಜವಾಗಿ ಇದೆಯಾ ಅಂತ ಅವರು ಅದೇ ಯಂತ್ರವನ್ನು ಕೇಳಿದ್ದರು, ಅದು ಇದೆ ಅಂದಿತ್ತು.

ಹಾಗಾಗಿ ಯಂತ್ರವನ್ನೇ ಸಾಕ್ಷಿ ಕೇಳಬೇಡಿ. ಲೇಖನದ ಡಿಒಐ (DOI), ಅಂದರೆ ಇಂಟರ್ನೆಟ್‌ನಲ್ಲಿ ಆ ಲೇಖನಕ್ಕೇ ಮೀಸಲಾದ ಗುರುತಿನ ಸಂಖ್ಯೆ, ಕೊಟ್ಟಿದ್ದರೆ ಅದನ್ನು ತೆರೆದು ನೋಡಿ, ಅದೇ ಲೇಖನಕ್ಕೆ ಹೋಗುತ್ತದಾ ಅಂತ. ಇಲ್ಲದಿದ್ದರೆ ಆ ಜರ್ನಲ್‌ನ ಸಂಪುಟ ತೆರೆದು ಅದೇ ಪುಟಕ್ಕೆ ಹೋಗಿ. ಬೇರೆ ಲೇಖನ ಇದ್ದರೆ ಗೊತ್ತಾಯಿತಲ್ಲ. ಸಿಕ್ಕ ಉಳಿದ ಮೂರನ್ನೂ ಓದದೆ ಬಳಸಬೇಡಿ. ಲೇಖನ ಇದ್ದ ಮಾತ್ರಕ್ಕೆ ಯಂತ್ರ ಹೇಳಿದ ಮಾತು ಅದರಲ್ಲಿ ಇರಬೇಕು ಅಂತೇನಿಲ್ಲ.

*ನಮ್ಮ ಮಗ ಡಿಗ್ರಿ ಓದುತ್ತಿದ್ದಾನೆ. ಫೋನ್ ಅವನಿಗೆ ನೀರು ಕುಡಿದಷ್ಟು ಸುಲಭ. ಇಂಥವರಿಗೂ ಹುಡುಕೋದನ್ನು ಕಲಿಸಬೇಕಾ?*

ಕಲಿಸಬೇಕು. ಫೋನ್ ಬಳಸೋದು ಬೇರೆ, ಫೋನಿನಲ್ಲಿ ಕಂಡದ್ದನ್ನು ತೂಗಿ ನೋಡೋದು ಬೇರೆ. 2017ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಕ್‌ಗ್ರೂ ಒಂದು ಅಧ್ಯಯನ ಪ್ರಕಟಿಸಿದರು. 10 ಇತಿಹಾಸಕಾರರು, 10 ಫ್ಯಾಕ್ಟ್ ಚೆಕ್ಕರ್‌ಗಳು (ಸುದ್ದಿ ನಿಜವಾ ಅಂತ ಪರೀಕ್ಷಿಸುವವರು), 25 ವಿದ್ಯಾರ್ಥಿಗಳು. ಎಲ್ಲರಿಗೂ ವೆಬ್‌ಸೈಟ್‌ಗಳನ್ನು ತೋರಿಸಿ ನಂಬಬಹುದಾ ಅಂತ ಕೇಳಿದರು. ಪಿಎಚ್‌ಡಿ ಆದ ಇತಿಹಾಸಕಾರರೂ ಎಷ್ಟೋ ಸಲ ವಿದ್ಯಾರ್ಥಿಗಳ ಹಾಗೇ ಚೆಂದದ ಲೋಗೋ, ಗಂಭೀರ ಹೆಸರು ನೋಡಿ ಮೋಸ ಹೋದರು. ಫ್ಯಾಕ್ಟ್ ಚೆಕ್ಕರ್‌ಗಳು ಆ ಪುಟದಲ್ಲಿ ಹೆಚ್ಚು ಹೊತ್ತು ನಿಲ್ಲಲೇ ಇಲ್ಲ. ಹೊಸ ಟ್ಯಾಬ್ ತೆರೆದು, ಈ ವೆಬ್‌ಸೈಟ್ ನಡೆಸುವವರ ಬಗ್ಗೆ ಬೇರೆಯವರು ಏನು ಹೇಳುತ್ತಾರೆ ಅಂತ ನೋಡಿದರು. ಮಗನಿಗೆ ಇದೊಂದನ್ನು ಹೇಳಿ ನೋಡಿ.

*ಪಿಎಚ್‌ಡಿ ಮಾಡುತ್ತಿದ್ದೇನೆ. ನನ್ನ ವಿಷಯದಲ್ಲಿ ಒಂದು ಅಂಕಿಯನ್ನು ಎಲ್ಲರೂ ಹೇಳುತ್ತಾರೆ. 12 ಲೇಖನಗಳಲ್ಲಿ ಕಂಡೆ. ಇಷ್ಟು ಜನ ಹೇಳಿದ ಮೇಲೂ ಮೂಲ ಹುಡುಕಬೇಕಾ ಮೇಡಂ?*

ಹುಡುಕಲೇಬೇಕು. ಪಾಲಕ್ ಸೊಪ್ಪಿನ ಕತೆ ಹೇಳುತ್ತೇನೆ. ಪಾಲಕ್‌ನಲ್ಲಿ ಕಬ್ಬಿಣದ ಅಂಶ ಭಾರಿ ಜಾಸ್ತಿ ಅನ್ನುವ ನಂಬಿಕೆ ಹೇಗೆ ಬಂತು? ದಶಮಾಂಶ ಬಿಂದುವನ್ನು ತಪ್ಪು ಜಾಗದಲ್ಲಿ ಹಾಕಿ ಅಂಕಿ ಹತ್ತು ಪಟ್ಟು ಆಯಿತು, ಹಾಗೆ ಬಂತು ಅಂತ ಎಷ್ಟೋ ಪುಸ್ತಕ, ಲೇಖನಗಳಲ್ಲಿ ಇದೆ. ಎಚ್ಚರ ಇಲ್ಲದಿದ್ದರೆ ಎಂಥ ತಪ್ಪಾಗುತ್ತದೆ ನೋಡಿ ಅಂತ ಉದಾಹರಣೆ ಕೊಡೋಕೇ ಇದನ್ನು ಬಳಸುತ್ತಾರೆ. ನಾನೂ ನನ್ನ ತರಗತಿಯಲ್ಲಿ ವರ್ಷಗಟ್ಟಲೆ ಹೇಳಿದ್ದೆ.

ಈ ಕತೆ ಹರಡಿದ್ದು 1981ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಟೆರೆನ್ಸ್ ಹ್ಯಾಂಬ್ಲಿನ್ ಬರೆದ ಒಂದು ಲೇಖನದಿಂದ. ಅಲ್ಲಿ ಈ ಮಾತಿಗೆ ಯಾವ ಆಕರವೂ ಇಲ್ಲ. 2010ರಲ್ಲಿ ಮೈಕ್ ಸಟನ್ ಅನ್ನುವವರು ಬೆನ್ನು ಹತ್ತಿ ಹುಡುಕಿದರು. ದಶಮಾಂಶ ಬಿಂದು ತಪ್ಪಿತ್ತು ಅನ್ನುವುದಕ್ಕೇ ಪುರಾವೆ ಸಿಗಲಿಲ್ಲ. ಅಂದರೆ ತಪ್ಪನ್ನು ತೋರಿಸುವ ಕತೆಯೇ ತಪ್ಪು. 2014ರಲ್ಲಿ ನಾರ್ವೆಯ ಓಲೆ ಬ್ಯೋರ್ನ್ ರೆಕ್ಡಾಲ್ ಇದನ್ನೇ ಹಿಡಿದು, ಮೂಲ ಓದದೆ ಒಬ್ಬರಿಂದ ಒಬ್ಬರು ಉಲ್ಲೇಖ ಎತ್ತಿಕೊಳ್ಳುವುದು ಹೇಗೆ ಅಂತ ಬಿಡಿಸಿ ತೋರಿಸಿದರು. ಅದನ್ನು ಓದಿದ ಮರುವಾರ ನನ್ನ ತರಗತಿಗೆ ಹೋಗಿ, ಹಿಂದೆ ಹೇಳಿದ್ದು ತಪ್ಪು ಅಂತ ಹೇಳಿ, ಮೂರೂ ಲೇಖನಗಳನ್ನು ಮೇಜಿನ ಮೇಲೆ ಇಟ್ಟೆ. ಮಕ್ಕಳು ಅಷ್ಟು ಗಮನ ಇಟ್ಟು ಕೇಳಿದ್ದು ಕಡಿಮೆ.

ನಿಮ್ಮ 12 ಲೇಖನ ಅಂದರೆ 12 ಸಾಕ್ಷಿ ಅಲ್ಲ. ಎಲ್ಲ ಒಂದೇ ಬಾಯಿಂದ ಬಂದಿರಬಹುದು. ಒಂದು ಹಾಳೆಯಲ್ಲಿ 12 ಹೆಸರನ್ನೂ ವರ್ಷದ ಸಾಲಿನಲ್ಲಿ ಬರೆಯಿರಿ. ಪ್ರತಿಯೊಬ್ಬರೂ ಆ ಅಂಕಿಗೆ ಯಾರನ್ನು ತೋರಿಸಿದ್ದಾರೆ ಅಂತ ಬಾಣ ಎಳೆಯಿರಿ. ಎಲ್ಲ ಬಾಣಗಳೂ ಒಂದೆರಡು ಹೆಸರಿಗೆ ಹೋಗಿ ಸೇರುತ್ತವೆ. ಅವನ್ನು ಓದಿ. ಎಷ್ಟು ಜನರನ್ನು ಅಳೆದರು, ಯಾವ ವರ್ಷ, ಅಂಕಿಗೆ ಏನಾದರೂ ಷರತ್ತು ಹಾಕಿದ್ದರಾ ನೋಡಿ. ದಾರಿಯಲ್ಲಿ ಷರತ್ತು ಉದುರಿಹೋಗಿ ಅಂಕಿ ಮಾತ್ರ ಉಳಿದಿರುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಆ ಲೇಖನ ಆಮೇಲೆ ಹಿಂತೆಗೆದುಕೊಂಡದ್ದಾ ಅಂತಲೂ ಜರ್ನಲ್‌ನ ಪುಟದಲ್ಲಿ ಪರೀಕ್ಷಿಸಿ. 1998ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಜರ್ನಲ್‌ನಲ್ಲಿ ಬಂದ, ಲಸಿಕೆಗೂ ಆಟಿಸಂಗೂ ನಂಟು ಕಟ್ಟಿದ ಲೇಖನವನ್ನು ಪೂರ್ತಿ ಹಿಂತೆಗೆದುಕೊಳ್ಳಲು 2010ರವರೆಗೆ ಬೇಕಾಯಿತು.

ಮೂಲ ನಿಮ್ಮ ಲೈಬ್ರರಿಯಲ್ಲಿ ಇಲ್ಲದಿದ್ದರೆ ಕೈಬಿಡಬೇಡಿ. ಲೇಖಕರು, ವರ್ಷ, ಜರ್ನಲ್, ಸಂಪುಟ, ಪುಟ ಇಷ್ಟನ್ನು ಚೀಟಿಯಲ್ಲಿ ಬರೆದು ರೆಫರೆನ್ಸ್ ಮೇಜಿಗೆ ಕೊಡಿ, ಬೇರೆ ಲೈಬ್ರರಿಯಿಂದ ತರಿಸಿಕೊಡಲು ಆಗುತ್ತದಾ ಕೇಳಿ. ಬರಲು ದಿನ ಹಿಡಿಯಬಹುದು. ಅಲ್ಲಿಯವರೆಗೆ ಪ್ರಬಂಧದಲ್ಲಿ ಆ ಅಂಕಿಯ ಪಕ್ಕ ಪೆನ್ಸಿಲ್‌ನಲ್ಲಿ ಒಂದು ಗುರುತು ಹಾಕಿಡಿ.